ಬಯಲುಸೀಮೆಯಿಂದ ಕಡಲ ಕಾವಲಿಗೆ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಬೆಳೆದ ಹುಡುಗನಿಗೆ ಕಡಲೆಂಬುದು ಭೂಗೋಳದ ಪಾಠದಲ್ಲಿ ಬರುವ ಒಂದು ಮಾತು. ಅವನ ಸುತ್ತ ಇರುವುದು ರಾಗಿಯ ಹೊಲ, ನೀಲಗಿರಿಯ ತೋಪು. ನೀರೆಂದರೆ ಕೆರೆ, ಇಲ್ಲವೆ ಕೊಳವೆಬಾವಿ. ಆದರೂ ಈ ಸೀಮೆಗೂ ಕಡಲಿಗೂ ನಂಟೇ ಇಲ್ಲವೆನ್ನಲಾಗದು. ನಂದಿಬೆಟ್ಟದ ಕಡೆ ಹುಟ್ಟಿ, ಹೊಸಕೋಟೆಯ ದೊಡ್ಡ ಕೆರೆಗೆ ನೀರೂಡಿಸುವ ದಕ್ಷಿಣ ಪಿನಾಕಿನಿಯು ತಮಿಳುನಾಡನ್ನು ಹಾದು ಕಡಲೂರಿನ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಹೊಳೆ ಹಿಡಿದ ದಾರಿಯನ್ನು ಊರಿನ ತರುಣರೂ ಹಿಡಿಯಬಹುದು. ಭಾರತೀಯ ಕರಾವಳಿ ರಕ್ಷಣಾ ಪಡೆ, ಅಂದರೆ ಜನರ ಬಾಯಲ್ಲಿ ಬಳಕೆಯಲ್ಲಿರುವ ಕೋಸ್ಟ್ ಗಾರ್ಡ್, ಒಳನಾಡಿನವರನ್ನೂ ಸೇರಿಸಿಕೊಳ್ಳುತ್ತದೆ.

1977ರ ಫೆಬ್ರವರಿ 1ರಂದು ತಾತ್ಕಾಲಿಕವಾಗಿ ಆರಂಭವಾಗಿ, 1978ರ ಕಾನೂನಿನಿಂದ ಸ್ವತಂತ್ರ ಸ್ಥಾನ ಪಡೆದ ಈ ಪಡೆಯ ಧ್ಯೇಯವಾಕ್ಯ ‘ವಯಂ ರಕ್ಷಾಮಃ’. ಕಳ್ಳಸಾಗಣೆಯನ್ನು ತಡೆಯುವುದು, ಅಪಾಯಕ್ಕೆ ಸಿಲುಕಿದ ಬೆಸ್ತರನ್ನೂ ನಾವಿಕರನ್ನೂ ಕಾಪಾಡುವುದು, ಕಡಲಿಗೆ ಚೆಲ್ಲಿದ ಎಣ್ಣೆ ಹರಡದಂತೆ ನೋಡಿಕೊಳ್ಳುವುದು ಇದರ ಮುಖ್ಯ ಕೆಲಸಗಳು.

ಕರ್ನಾಟಕದ ಮಟ್ಟಿಗೆ ಇದರ ಕೇಂದ್ರ ಕಾರ್ಯಾಲಯವಿರುವುದು ಮಂಗಳೂರಿನ ಪಣಂಬೂರಿನಲ್ಲಿ. ಉತ್ತರಕ್ಕೆ ಕಾರವಾರದಲ್ಲಿಯೂ ಒಂದು ಠಾಣೆಯಿದೆ. ಜಡಿಗೇನಹಳ್ಳಿಯಿಂದ ಹೊರಟು, ಹಾಸನ, ಸಕಲೇಶಪುರಗಳನ್ನು ದಾಟಿ, ಶಿರಾಡಿ ಘಾಟಿಯನ್ನಿಳಿದು ಪಣಂಬೂರನ್ನು ಮುಟ್ಟಲು ಸುಮಾರು 380 ಕಿಲೋಮೀಟರು. ಅಲ್ಲಿಯ ಮರಳ ದಂಡೆಯಲ್ಲಿ ಸಂಜೆಯ ಹೊತ್ತು ಸಂಸಾರಗಳು ವಿಹರಿಸುತ್ತಿರುವಾಗ, ಬಂದರಿನತ್ತ ಬಿಳಿಯ ಮೈಗೆ ಓರೆಯಾಗಿ ಕೇಸರಿ, ನೀಲಿ ಪಟ್ಟೆ ಬಳಿದ ಹಡಗೊಂದು ಕಣ್ಣಿಗೆ ಬಿದ್ದರೆ, ಅದೇ ಈ ಪಡೆಯದು. ನಮ್ಮ ಪಯಣ ಮುಗಿಯುವಲ್ಲಿ ಅದರ ಪಯಣ ಮೊದಲಾಗುತ್ತದೆ. ದೇಶದ ಆರ್ಥಿಕ ಹಕ್ಕಿಗೆ ಒಳಪಟ್ಟ ಕಡಲು ತೀರದಿಂದ 200 ನಾಟಿಕಲ್ ಮೈಲಿ, ಎಂದರೆ 370 ಕಿಲೋಮೀಟರಿನವರೆಗೂ ಹಬ್ಬಿದೆ. ಊರಿನಿಂದ ಪಣಂಬೂರಿಗೆ ಬಂದಷ್ಟೇ ದೂರ ಮತ್ತೆ ನೀರಿನ ಮೇಲೆ!

ದೇಶ ನೋಡುವ ಹಂಬಲವಿದ್ದವರಿಗೆ ಇಲ್ಲಿ ಅವಕಾಶ ಹೇರಳ. ನಾವಿಕರ ಮೊದಲ ತರಬೇತಿ ಒಡಿಶಾದ ಚಿಲಿಕಾ ಸರೋವರದ ತೀರದಲ್ಲಿ. ಅಧಿಕಾರಿಗಳಿಗೆ ಕೇರಳದ ಎಳಿಮಲೆಯಲ್ಲಿ. ಅಧಿಕಾರಿವರ್ಗದಲ್ಲಿ ಮಹಿಳೆಯರೂ ಇದ್ದಾರೆ. ಅನಂತರ ಗುಜರಾತಿನ ಓಖಾ, ಪೋರಬಂದರು, ಲಕ್ಷದ್ವೀಪದ ಕವರತ್ತಿ, ಮಿನಿಕಾಯ್, ತಮಿಳುನಾಡಿನ ಮಂಡಪಂ, ಒಡಿಶಾದ ಪಾರಾದೀಪ, ಅಂಡಮಾನ್ ನಿಕೋಬಾರ್ ದ್ವೀಪಗಳು, ಹೀಗೆ ಎಲ್ಲಿಗೆ ಬೇಕಾದರೂ ವರ್ಗವಾಗಬಹುದು. ಒಡಿಶಾದ ಗಹಿರ್ಮಾಥಾದ ಕಡೆ ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೂ ಈ ಪಡೆಯದೇ ಕಾವಲು. 2021ರ ಮೇ ತಿಂಗಳಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಹಡಗಿಗೆ ಬೆಂಕಿ ಬಿದ್ದಾಗ, ನಮ್ಮ ಪಡೆಯ ಹಡಗುಗಳು ಅದನ್ನು ನಂದಿಸಲು ಶ್ರೀಲಂಕೆಗೂ ಹೋಗಿದ್ದವು.

ಆದರೆ ಇದು ಬೇಕಾದಾಗ ಹೊರಟು ಬೇಕಾದಾಗ ಮರಳುವ ಪ್ರವಾಸವಲ್ಲ. ಹಡಗಿನ ಮೇಲೆ ಹಗಲಿರುಳೂ ಸರದಿಯ ಕಾವಲು ನಡೆಯುತ್ತಲೇ ಇರಬೇಕು. ಕಡಲಬೇನೆಗೆ ಒಗ್ಗಿಕೊಳ್ಳಬೇಕು. ಗೌರಿಹಬ್ಬಕ್ಕೆ ಊರಿಗೆ ಬರುವೆನೆಂಬ ಮಾತನ್ನು ನಡೆಸಲಾಗದೆ ಹೋಗಬಹುದು. ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ದೋಣಿಗಳು ದಡ ಸೇರುತ್ತವೆ. ಕಾವಲು ಹಡಗಿಗೆ ಆ ಬಿಡುವಿಲ್ಲ. 2022ರ ಜೂನ್ ತಿಂಗಳಲ್ಲಿ ಉಳ್ಳಾಲದ ಎದುರಿಗೆ ಪ್ರಿನ್ಸೆಸ್ ಮಿರಾಲ್ ಎಂಬ ಸರಕಿನ ಹಡಗಿಗೆ ನೀರು ನುಗ್ಗಿದಾಗ, ಅದರಲ್ಲಿದ್ದ ಸಿರಿಯಾ ದೇಶದ ಹದಿನೈದು ಮಂದಿಯನ್ನೂ ಈ ಪಡೆಯವರು ದಡಕ್ಕೆ ತಂದರು. ಅದಕ್ಕೆ ಹಿಂದಿನ ವರ್ಷ ಮೇ 17ರಂದು, ತೌಕ್ತೆ ಚಂಡಮಾರುತದ ಸಮಯ, ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಲುಕಿದ್ದ ಟಗ್ ದೋಣಿಯ ಒಂಬತ್ತು ಮಂದಿಯಲ್ಲಿ ಐವರನ್ನು ‘ವರಾಹ’ ಹಡಗಿನವರು ಉಳಿಸಿದರು. ಉಳಿದ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರು ಎತ್ತಿಕೊಂಡಿತು. ಎಲ್ಲರೂ ದಡಕ್ಕೆ ಓಡುವ ಹೊತ್ತಿನಲ್ಲಿ ಕಡಲಿಗೆ ಇಳಿಯುವುದೇ ಈ ವೃತ್ತಿಯ ಧರ್ಮ.

ಆದುದರಿಂದ ಮಗ ಅರ್ಜಿ ಹಾಕುತ್ತೇನೆಂದಾಗ ತಂದೆತಾಯಿಗಳು ಅವನನ್ನು ಒಮ್ಮೆ ಆಷಾಢಮಾಸದಲ್ಲಿ ಪಣಂಬೂರಿಗೆ ಕರೆದೊಯ್ದು, ದೂರದಲ್ಲಿ ನಿಂತೇ ಕಡಲನ್ನು ತೋರಿಸಲಿ. ಆ ಅಲೆಗಳನ್ನು ಕಂಡ ಮೇಲೂ ಅವನ ಮನಸ್ಸು ಹಿಂಜರಿಯದಿದ್ದರೆ, ಹರಸಿ ಕಳುಹಿಸಲಿ.