ನಾವು ಸೋಮವಾರ, ಅವಳು ರವಿವಾರ

ನಮ್ಮೂರು ಕೊಡೇಕಲ್, ಯಾದಗಿರಿ ಜಿಲ್ಲೆ. ಹದಿನಾರನೇ ಶತಮಾನದ ಕೊಡೇಕಲ್ ಬಸವಣ್ಣನವರಿಂದ ಊರಿಗೆ ಹೆಸರು. ಅವರ ಗುಡಿಗೆ ಹಿಂದೂಗಳೂ ಬರುತ್ತಾರೆ, ಮುಸಲ್ಮಾನರೂ ಬರುತ್ತಾರೆ. ಅವರ ಕಾಲಜ್ಞಾನ ಹೇಳುವುದು ಮುಂದೆ ಬರುವ ಕಾಲದ ಮಾತು. ಅಂಥ ಊರಿನಲ್ಲಿ ಕುಳಿತು, ಎಪ್ಪತ್ತು ದಾಟಿದ ನಾನು ಕಲಿತದ್ದು ಬರೀ ಇವತ್ತಿನ ಮಾತು. ಅದೂ ಫ್ರೆಂಚಿನಲ್ಲಿ!

ಕಾರಣ ನನ್ನ ಮೊಮ್ಮಗಳು. ಅವಳಿರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಆ ಕ್ಯೂಬೆಕ್ ಪ್ರಾಂತ್ಯದ 1977ರ ಭಾಷಾ ಕಾನೂನಿನಂತೆ, ಹೊರಗಿನಿಂದ ಹೋಗಿ ನೆಲೆಸಿದವರ ಮಕ್ಕಳು ಸಾಮಾನ್ಯವಾಗಿ ಓದುವುದು ಫ್ರೆಂಚ್ ಶಾಲೆಯಲ್ಲೇ. ಫೋನಿನಲ್ಲಿ "ಮುತ್ಯಾ" ಅನ್ನುವಳು, ಆಮೇಲೆ ಇಬ್ಬರೂ ಸುಮ್ಮನೆ. ಹೀಗೇ ಬಿಟ್ಟರೆ ಆ ಒಂದು ಮಾತೂ ಹೋದೀತು ಅನ್ನಿಸಿತು.

ಮಗಳಿಂದ ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಂಡೆ. 'ಓಜೂರ್ದ್ವಿ' ಅಂದರೆ ಇವತ್ತು. 'ಇಲ್ ಫೆ ಶೋ' ಅಂದರೆ ಶೆಕಿ ಆಗಿದೆ. 'ಕೆಸ್ ಕ ತು ಫೆ?' ಅಂದರೆ ಏನು ಮಾಡುತ್ತಿದ್ದೀ? ವಾರ ಕೇಳುವ ರೀತಿಯೇ ಚೆಂದ: 'ಕೆಲ್ ಜೂರ್ ಸೊಮ್ ನು?' ಅಕ್ಷರಶಃ, 'ನಾವು ಯಾವ ವಾರ?'

ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ಹಾಗೆಯೇ ಕೇಳಿದೆ. "ದಿಮಾಂಶ್" ಅಂದಳು, ರವಿವಾರ! ಅಲ್ಲಿ ಇನ್ನೂ ಹಿಂದಿನ ರಾತ್ರಿ ಒಂಬತ್ತೂವರೆ. ಬ್ಯಾಂಕಿನಲ್ಲಿ ದಿನಾ ಬೆಳಿಗ್ಗೆ ಮೊಹರಿನ ತಾರೀಖು ತಿರುಗಿಸಿದವನು ನಾನು. ಒಂದೇ ಗಳಿಗೆಗೆ ಎರಡು ತಾರೀಖು ಇರುವುದನ್ನು ಅವತ್ತು ಅವಳು ಕಲಿಸಿದಳು.

ಮಕ್ಕಳೇ, ಇನ್ನೊಂದು ಸೋಜಿಗ ಕೇಳಿ. ಲಂದಿ ಚಂದ್ರನ ವಾರ, ನಮ್ಮ ಸೋಮವಾರವೂ ಹಾಗೆಯೇ. ಮಾರ್ದಿ ಮಂಗಳನದು, ಮೆರ್ಕ್ರದಿ ಬುಧನದು, ಜೂದಿ ಗುರುವಿನದು, ವಾಂದ್ರದಿ ಶುಕ್ರನದು. ಭಾಷೆ ಬೇರೆಯಾದರೂ ಎರಡೂ ಕಡೆ ವಾರಕ್ಕೆ ಹೆಸರು ಕೊಟ್ಟವು ಅವೇ ಗ್ರಹಗಳು!

ಕಳೆದ ಜುಲೈ ರಜೆಗೆ ಬಂದಳು. ಗುಡಿಗೆ ಹೋಗುವ ದಾರಿಯಲ್ಲಿ ಬೆವರು ಒರೆಸುತ್ತ "ಇಲ್ ಫೆ ಶೋ!" ಅಂದಳು. "ಶೆಕಿ ಆಗ್ಯಾದ ಅನ್ನವ್ವ" ಅಂದೆ. ಅಂದಳು. ಗುಡಿ ಮುಟ್ಟುವಷ್ಟರಲ್ಲಿ ಹತ್ತು ಸಲ ಅಂದಳು. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ನಕ್ಕು ಜಾಗ ಮಾಡಿಕೊಟ್ಟರು.

ಈಗ ಫೋನಿನಲ್ಲಿ ಮೊದಲು ಕೇಳುವವಳು ಅವಳೇ: "ಮುತ್ಯಾ, ಇವತ್ತ ಏನ್ ಮಾಡಾಕತ್ತಿ?"

ನಾನು ನೋಟುಬುಕ್ಕು ತೆರೆದು ಫ್ರೆಂಚಿನಲ್ಲಿ ಉತ್ತರ ಹುಡುಕುತ್ತೇನೆ.