‘ಹ್ಯಾವ್’ ಎಂಬ ಪುಟ್ಟ ಪದ

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಕೆಲವರು ಭಾನುವಾರ ಸಂಜೆ ಇಂಗ್ಲಿಷ್ ಕಲಿಯಲು ನನ್ನಲ್ಲಿಗೆ ಬರುತ್ತಾರೆ. ಅವರನ್ನು ಕಾಡುವುದು ಕಠಿಣ ಶಬ್ದಗಳಲ್ಲ, ‘ಹ್ಯಾವ್’ ಎಂಬ ಪುಟ್ಟ ಕ್ರಿಯಾಪದ.

ಕನ್ನಡದಲ್ಲಿ ಅದಕ್ಕೆ ನೇರವಾದ ಸಮಾನಪದವಿಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನಗೆ ಜ್ವರವಿದೆ’, ‘ನನ್ನ ಬಳಿ ಹಣವಿದೆ’ ಎನ್ನುತ್ತೇವೆ. ವಾಕ್ಯದ ಕರ್ತೃಸ್ಥಾನ ಮಕ್ಕಳಿಗೆ, ಜ್ವರಕ್ಕೆ, ಹಣಕ್ಕೆ. ನಾವು ಪಕ್ಕದಲ್ಲಿ ನಿಲ್ಲುತ್ತೇವೆ. ಗುರುಮಠದಲ್ಲಿ ಕಲಿತ ಲತೀನಿನ ‘ಮಿಹಿ ಎಸ್ತ್ ಲಿಬೆರ್’ ಕೂಡ ‘ನನಗೆ ಪುಸ್ತಕವಿದೆ’ ಎಂಬ ರೀತಿಯದೇ. ಇಂಗ್ಲಿಷಿನಲ್ಲಾದರೋ ‘ನಾನು’ ಮುಂದೆ ಬರಬೇಕು: ‘ಐ ಹ್ಯಾವ್ ಫೀವರ್’, ‘ಐ ಹ್ಯಾವ್ ಮನಿ’.

ಇದೇ ಪದಕ್ಕೆ ‘ಟು’ ಎಂಬುದೂ ಮತ್ತೊಂದು ಕ್ರಿಯಾಪದವೂ ಸೇರಿದರೆ ಒಡೆತನದ ಅರ್ಥ ಹೋಗಿ ‘ಮಾಡಲೇಬೇಕು’ ಎಂಬ ಅರ್ಥ ಬರುತ್ತದೆ. ಹೊಲಿಗೆ ಕೆಲಸದ ಸಹೋದರಿಯೊಬ್ಬರಿಗೆ ಮೇಲ್ವಿಚಾರಕರು ‘ಯು ಹ್ಯಾವ್ ಟು ಸ್ಟೇ’ ಎಂದರಂತೆ. ‘ಎರಡು ಏನೋ ಇವೆ’ ಎಂದು ಭಾವಿಸಿ ಆಕೆ ತಲೆಯಾಡಿಸಿದರು. ಅದು ಒಪ್ಪಿಗೆಯಾಯಿತು. ಅಂದು ರಾತ್ರಿಯವರೆಗೆ ಅವರ ಮಗು ನೆರೆಮನೆಯ ಜಗಲಿಯಲ್ಲಿ ಕಾದು ಕುಳಿತಿತ್ತು.

ಮುಂದಿನ ಪಾಠದಲ್ಲಿ ಆಕೆ ಎರಡು ವಾಕ್ಯಗಳನ್ನು ಬರೆದುಕೊಂಡರು: ‘ಐ ಹ್ಯಾವ್ ಎ ಚೈಲ್ಡ್ ಅಟ್ ಹೋಮ್. ಐ ಹ್ಯಾವ್ ಟು ಗೋ.’ ಮೊದಲನೆಯದು ಆಕೆಗಿರುವ ಮಗುವನ್ನು ಹೇಳುತ್ತದೆ, ಎರಡನೆಯದು ಆ ಮಗುವಿನಿಂದಲೇ ಹುಟ್ಟಿದ ಹೊಣೆಯನ್ನು. ನಮಗಿರುವುದೇ ನಮ್ಮನ್ನು ಬಾಧ್ಯರನ್ನಾಗಿಸುತ್ತದೆ ಎಂಬುದನ್ನು ಆ ಪುಟ್ಟ ಪದ ತನ್ನೊಳಗೇ ಇರಿಸಿಕೊಂಡಿದೆ. ವ್ಯಾಕರಣವನ್ನು ನಿಧಾನವಾಗಿ ಕಲಿಯಬಹುದು; ದುಡಿಯುವವರಿಗೆ ಈ ಎರಡು ವಾಕ್ಯಗಳು ಮಾತ್ರ ಮೊದಲೇ ದಕ್ಕಬೇಕು.