ಎರವಲು ದನಿ

ಹಾಸ್ಟೆಲ್ಲಿನಲ್ಲಿ ನಾವು ಬೇಗ ಕಲಿತ ವಿದ್ಯೆ ಅಂದ್ರೆ ಮಿಮಿಕ್ರಿ. ವಾರ್ಡನ್ ಕೆಮ್ಮು, ಪ್ರಿನ್ಸಿಪಾಲರ ಮೂಗಿನ ಇಂಗ್ಲಿಷು, ಎಲ್ಲ ನಮ್ಮ ಗಂಟಲಲ್ಲಿತ್ತು. 'ಹಾಲು' ಅನ್ನೋದು ನಮ್ಮ ಬಾಯಲ್ಲಿ 'ಆಲು' ಆಗಿ ಕ್ಲಾಸೆಲ್ಲ ನಕ್ಕ ದಿನದಿಂದ, ಪುಸ್ತಕದ ಕನ್ನಡ ಆಡೋದೂ ನಮಗೊಂದು ಮಿಮಿಕ್ರಿಯೇ. ಹಂಗಾಗಿ ಕೇರಳದ ಕಲಾಭವನ್ ಮಣಿಯ ಕತೆ ಕೇಳಿದಾಗ ಇವನು ನಮ್ಮವನು ಅನ್ನಿಸಿತು. ಏಕವಚನ ಬಳಸ್ತಿದೀವಿ, ಅಣ್ಣನ ಸಲುಗೆಯಿಂದ.

ಮಣಿ ಹುಟ್ಟಿದ್ದು 1971ರಲ್ಲಿ, ತ್ರಿಶೂರು ಜಿಲ್ಲೆಯ ಚಾಲಕ್ಕುಡಿಯಲ್ಲಿ. ಪುಲಯರವನು. ಊರಿಗೆಲ್ಲ ಭತ್ತ ಬೆಳೆದುಕೊಟ್ಟು ತಾವು ಗಂಜಿಗೆ ಕೈಯೊಡ್ಡಿದ ಕುಲ ಅದು. ಎಸ್ಸೆಸ್ಸೆಲ್ಸಿ ದಾಟಲಿಲ್ಲ. ಆಟೋ ಓಡಿಸಿದ. ಕೊಚ್ಚಿಯಲ್ಲಿ ಫಾದರ್ ಆಬೇಲ್ 1969ರಲ್ಲಿ ಕಟ್ಟಿದ ಕಲಾಭವನ್ ಅನ್ನೋ ಸಂಸ್ಥೆ ಮಿಮಿಕ್ರಿಯನ್ನ ತಂಡ ಕಟ್ಟಿ ಆಡೋ ಆಟವಾಗಿಸಿತ್ತು. ಕಚೇರಿ ಸಂಗೀತಕ್ಕೆ ಮನೆತನ ಬೇಕು, ಗುರು ಬೇಕು, ತಂಬೂರಿ ಬೇಕು. ಮಿಮಿಕ್ರಿಗೆ ಕಿವಿ ಗಂಟಲು ಎರಡಿದ್ದರೆ ಸಾಕು. ಮಣಿ ಆ ಬಾಗಿಲಿಂದಲೇ ಸಿನಿಮಾಕ್ಕೆ ಹೋದ. ಸಂಸ್ಥೆಯ ಹೆಸರೇ ಅವನ ಮನೆ ಹೆಸರಾಯಿತು.

ಬಾಗಿಲು ತೆಗೀತು ನಿಜ. ಒಳಗೆ ಎಲ್ಲಿ ಕೂರಿಸಿದರು? 1995ರ 'ಅಕ್ಷರಂ'ನಲ್ಲಿ ಆಟೋ ಡ್ರೈವರು. 1996ರ 'ಸಲ್ಲಾಪಂ'ನಲ್ಲಿ ಶೇಂದಿ ಇಳಿಸುವವ. ಆಮೇಲೆ ನಾಯಕನ ಪಕ್ಕ ನಿಂತು ನಗಿಸೋ ಕೆಲಸ. ಮೂಗಿನಿಂದ ಹೊರಟು ಎದೆ ಅಲ್ಲಾಡಿಸೋ ಅವನ ಒಂದು ನಗೆ ಇತ್ತು, ಅದೇ ಅವನ ಮುದ್ರೆಯಾಯಿತು. ತಮಿಳಿನ 'ಜೆಮಿನಿ' (2002) ಅವನನ್ನ ಖಳನಾಯಕ ಮಾಡಿತು. ಅಲ್ಲೂ ಕೇಳಿದ್ದು ಪ್ರಾಣಿಗಳ ಅನುಕರಣೆ. ಅದ್ಭುತವಾಗಿಯೇ ಮಾಡಿದ್ದಾನೆ. ಆದರೂ ಒಬ್ಬ ಕಪ್ಪು ಮನುಷ್ಯ ತೆರೆ ಮೇಲೆ ಪ್ರಾಣಿಯಾಗಿ ಚಪ್ಪಾಳೆ ಗಿಟ್ಟಿಸೋದನ್ನ ನೋಡೋವಾಗ ನಾವು ಕೂತ ಕಡೆಯೇ ಮುದುಡಿದೆವು.

ನಡುವೆ, 1999ರಲ್ಲಿ, ವಿನಯನ್ ನಿರ್ದೇಶನದ 'ವಾಸಂತಿಯುಂ ಲಕ್ಷ್ಮಿಯುಂ ಪಿನ್ನೆ ಞಾನುಂ'. ಅದರಲ್ಲಿ ಮಣಿ ಕಣ್ಣಿಲ್ಲದ ಹಾಡುಗಾರ ರಾಮು. ಯಾರನ್ನೂ ಅನುಕರಿಸಬೇಕಾಗಿರಲಿಲ್ಲ. ಆ ವರ್ಷ ಕೇರಳ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ಅವನಿಗೇ ಅಂತ ಬಹಳ ಜನ ನಂಬಿದ್ದರು. ಬಂದದ್ದು 'ವಾನಪ್ರಸ್ಥಂ'ನ ಮೋಹನ್‌ಲಾಲ್‌ಗೆ. ಮಣಿಗೆ ತೀರ್ಪುಗಾರರ ವಿಶೇಷ ಮನ್ನಣೆ. ಸುದ್ದಿ ಕೇಳಿ ಅವನು ಪ್ರಜ್ಞೆ ತಪ್ಪಿದ ಅಂತ ಪತ್ರಿಕೆಗಳು ಬರೆದವು, ಅದೂ ನಗೆಯ ಸರಕಾಯಿತು. ಮೋಹನ್‌ಲಾಲ್ ದೊಡ್ಡ ನಟ, ಅದರಲ್ಲಿ ತಕರಾರಿಲ್ಲ. ಆದರೆ ಗೆಳೆಯರೇ, ಅವರು ಮಾಡಿದ ಪಾತ್ರ ಯಾವುದು ಗೊತ್ತೆ? ಕೆಳಜಾತಿಯ ಕಥಕಳಿ ಕಲಾವಿದನದು. ರಾಮುವಿನ ಚಿತ್ರ 2003ರಲ್ಲಿ 'ನಮ್ಮ ಪ್ರೀತಿಯ ರಾಮು' ಆಗಿ ಕನ್ನಡಕ್ಕೂ ಬಂತು. ನಮ್ಮ ಕೇರಿಯ ಹೆಂಗಸರು ಟೀವಿಯಲ್ಲಿ ಅದನ್ನ ನೋಡಿ ಸೆರಗಲ್ಲಿ ಕಣ್ಣೊರೆಸಿಕೊಂಡರು. ಮೊದಲು ಆ ಪಾತ್ರ ಮಾಡಿದವನು ಯಾರು ಅಂತ ಅವರಿಗೆ ಹೇಳಿದವರಿಲ್ಲ.

ಸಿನಿಮಾ ಕೊಡದ ಜಾಗವನ್ನ ಮಣಿ ಕ್ಯಾಸೆಟ್ಟಿನಲ್ಲಿ ಮಾಡಿಕೊಂಡ. ಗದ್ದೆಯಲ್ಲಿ ನಾಟಿ ಹಾಕೋರ ಧಾಟಿ, ಕುಡಿದು ಮನೆಗೆ ಬರೋರ ಧಾಟಿ, ಹೆಚ್ಚು ತಿದ್ದದೆ ತೀಡದೆ ಹಾಡಿದ. ಅವನ 'ನಾಡನ್ ಪಾಟ್ಟು' ಆಟೋಗಳಲ್ಲಿ, ಜಾತ್ರೆಗಳಲ್ಲಿ ಮೊಳಗಿತು.

2016ರ ಮಾರ್ಚ್ 6ರಂದು ಸತ್ತ. ನಲವತ್ತೈದು ವರ್ಷ. ಚಾಲಕ್ಕುಡಿಗೆ ಜನ ಹರಿದು ಬಂದರು. ಈಗ ಮಲಯಾಳದ ಮಿಮಿಕ್ರಿ ವೇದಿಕೆಗಳಲ್ಲಿ ಅವನನ್ನೇ ಅನುಕರಿಸ್ತಾರೆ. ಹೆಚ್ಚಾಗಿ ಆ ನಗೆಯನ್ನ.

ನಮ್ಮದೂ ಒಂದು ಹೇಳಲೇಬೇಕು. ಡಿಗ್ರಿ ಕೊನೇ ವರ್ಷ ಕಾಲೇಜ್ ಡೇಗೆ ಮಿಮಿಕ್ರಿಯಲ್ಲಿ ಮೊದಲ ಬಹುಮಾನ ಬಂತು. ಪ್ರಿನ್ಸಿಪಾಲರನ್ನ ಮಾಡಿದೆವು, ಅಷ್ಟಕ್ಕಷ್ಟೆ. 'ಇನ್ನೊಂದು, ಇನ್ನೊಂದು' ಅಂದರು. ಆಗ ಬೆನ್ನು ಬಗ್ಗಿಸಿ, ಟವೆಲನ್ನ ಕಂಕುಳಿಗೆ ಸಿಕ್ಕಿಸಿ, 'ಅಡ್ಬಿದ್ದೆ ಬುದ್ಧೀ, ಒಂದ್ಸೇರು ರಾಗಿ ಆಗಬೇಕಿತ್ತು' ಅಂದೆವು. ಸಭೆ ಹೊಟ್ಟೆ ಹಿಡಕೊಂಡು ನಕ್ಕಿತು. ಅದು ನಮ್ಮಪ್ಪನ ದನಿ.

ಬಹುಮಾನದ ಸ್ಟೀಲ್ ಡಬರಿಯನ್ನ ಊರಿಗೆ ತಂದೆವು. ಅಪ್ಪ ಅದನ್ನ ತಿರುಗಿಸಿ ತಿರುಗಿಸಿ ನೋಡಿದ.

'ಏನ್ ಮಾಡಿದ್ದಕ್ಕೆ ಕೊಟ್ರು ಮಗಾ?'

'ಬೇರೇರ ತರ ಮಾತಾಡಿದ್ದಕ್ಕೆ.'

'ಯಾರ ತರ?'

'ಪ್ರಿನ್ಸಿಪಾಲ್ರ ತರ' ಅಂದೆವು.

'ಎಲ್ಲಿ, ಒಂದಪ ಮಾಡು' ಅಂತ ಅಪ್ಪ ಟವೆಲ್ ಹಾಸಿ ಎದುರಿಗೆ ಕೂತ.